ಕೊಳದ ಅಂಚಿನ ಗಿಡಗಳು ಗದ್ದಕ್ಕಿಂತ ಕೆಳಗಿರತಕ್ಕ ಬಗ್ಗೆ

ಸಂಖ್ಯೆ: ಆವರಣ/ಕೊಳ/ಅಂಚು/೧೭

ವಿಷಯ: ಕಚೇರಿ ತೋಟದ ಕೊಳದ ಅಂಚಿಗೆ ಗಿಡಗಳನ್ನು ಆಯ್ಕೆ ಮಾಡುವ ಕುರಿತು.

ಉಲ್ಲೇಖ: ೧) ಉಪನಿರ್ದೇಶಕರು ಸದರಿ ಕೊಳಕ್ಕೆ ಬಿದ್ದಿರುವುದು.
೨) ಮೇಲೆ ಬಂದ ನಂತರ ಅವರು ನೀಡಿದ ಮೌಖಿಕ ಆದೇಶ.

ಅಂಚಿನ ಕೆಸುವಿನ ಎಲೆಗಳು ನೀರಿನ ಮೇಲೂ ಚಾಚಿಕೊಂಡಿದ್ದ ಕಾರಣ, ನೆಲ ಎಲ್ಲಿ ಮುಗಿಯಿತೆಂದು ತಿಳಿಯದೆ, ಉಪನಿರ್ದೇಶಕರು ಫೋನಿನಲ್ಲಿ "ನಾನು ನೋಡ್ಕೋತೀನಿ ಬಿಡಿ" ಎನ್ನುತ್ತಲೇ ನೀರಿಗಿಳಿದಿರುತ್ತಾರೆ. ತತ್ಪರಿಣಾಮವಾಗಿ ಲೆಕ್ಕ ಅಧೀಕ್ಷಕರು ಹಾಗೂ ಉಗ್ರಾಣ ಪಾಲಕರನ್ನೊಳಗೊಂಡ ಗಿಡ ಆಯ್ಕೆ ಸಮಿತಿಯನ್ನು ರಚಿಸಲಾಯಿತು. ಇವರಿಬ್ಬರೂ ಕ್ರಮವಾಗಿ ಭಾವ-ಮೈದುನರೆಂದೂ, ಭಾವನ ಹೊಸ ಮನೆಯ ಮೆಟ್ಟಿಲು ಸೊಟ್ಟಗಿದೆಯೆಂದು ಮೈದುನ ನಾಲ್ಕು ಜನರೆದುರು ಹೇಳಿದಂದಿನಿಂದ ಮಾತು ಬಿಟ್ಟು, ಕೊಳದ ಆಚೆ-ಈಚೆ ದಡಗಳಲ್ಲಿ ಬೆನ್ನು ತಿರುಗಿಸಿ ಬುತ್ತಿ ಉಣ್ಣುತ್ತಿದ್ದರೆಂದೂ ಇಲಾಖೆಗೆ ತಿಳಿದಿರಲಿಲ್ಲ. ತಿಳಿದಿದ್ದವರು ಹೇಳಲಿಲ್ಲ.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಸಮಿತಿಯು ಆಳೆತ್ತರದ ಆಪುಹುಲ್ಲನ್ನು ಒಮ್ಮತದಿಂದ ಶಿಫಾರಸು ಮಾಡಿದ್ದು, ಕಾರಣ ಕೇಳಲಾಗಿ ಇಬ್ಬರೂ ಪ್ರತ್ಯೇಕವಾಗಿ "ಆ ಕಡೆಯೋರ ಮುಖ ಕಾಣ್ಬಾರ್ದು" ಎಂದಿರುತ್ತಾರೆ. ಮುಖ ಮರೆಮಾಡುವುದು ಗಿಡದ ಕರ್ತವ್ಯಗಳಲ್ಲಿ ಸೇರಿರುವುದಿಲ್ಲ. ಶಿಫಾರಸನ್ನು ತಿರಸ್ಕರಿಸಲಾಗಿದೆ.

೨. ನೆಲವೆಂದು ನಟಿಸುವ ಯಾವುದೇ ಎಲೆಯನ್ನು ಸೇವೆಯಿಂದ ವಜಾ ಮಾಡಲಾಗುವುದು. ಕೆಸುವಿಗೆ ವಿವರಣೆ ನೀಡಲು ಅವಕಾಶ ಕೊಡಲಾಗಿದ್ದು, ಅದು ತಲೆ ಅಲ್ಲಾಡಿಸಿದ್ದನ್ನು ಉತ್ತರವೆಂದು ಪರಿಗಣಿಸಿಲ್ಲ.

೩. ದಂಡೆಯ ಕೆಸರಿಗೆ ಬಜೆಯನ್ನೂ, ಅದರ ಹಿಂದಿನ ತೇವದ ನೆಲಕ್ಕೆ ಒಂದೆಲಗವನ್ನೂ ನೇಮಿಸಲಾಗಿದೆ. ಒಂದೆಲಗವು ಹರಡುವ ಸ್ವಭಾವದ್ದಾಗಿದ್ದು, ಪೂರ್ವಾನುಮತಿಯಿಲ್ಲದೆ ಹರಡತಕ್ಕದ್ದಲ್ಲ.

೪. ಅಂಚಿನಲ್ಲಿ ಕಪ್ಪೆಗಳು ಕೂರಲು ಅಭ್ಯಂತರವಿಲ್ಲ. ಆದರೆ ಉಪನಿರ್ದೇಶಕರು ಹಾದುಹೋಗುವ ವೇಳೆ ನೀರಿಗೆ ಹಾರಿ ತೋರಿಸುವುದನ್ನು ಅಣಕವೆಂದು ಭಾವಿಸಲಾಗುವುದು.

೫. ನಾಟಿಯ ದಿನ ಬಜೆಯ ಬುಡ ಒತ್ತುತ್ತಿದ್ದ ಉಗ್ರಾಣ ಪಾಲಕರು ಸೊಂಟದವರೆಗೆ ಕೆಸರಿನಲ್ಲಿ ಹೂತುಹೋಗಿದ್ದು, ಮಾಲಿಯು ಹಗ್ಗ ತರುವಷ್ಟರಲ್ಲಿ ಲೆಕ್ಕ ಅಧೀಕ್ಷಕರು ತಾವೇ ಇಳಿದಿರುತ್ತಾರೆ. "ಷೂ ಹಾಳಾಗ್ತವೆ ಭಾವ" ಎಂದು ಕೆಳಗಿನಿಂದಲೂ, "ಸುಮ್ನೆ ಕೈ ಕೊಡೋ, ನಿಮ್ಮಕ್ಕಂಗೆ ನಾನೇನಂತ ಹೇಳ್ಲಿ" ಎಂದು ಮೇಲಿನಿಂದಲೂ ಕೇಳಿಬಂದಿದ್ದನ್ನು ಮಾಲಿಯು ದೃಢೀಕರಿಸಿದ್ದಾರೆ. ಕೈ ಕೊಡಲು ಪೂರ್ವಾನುಮತಿ ಪಡೆದಿರಲಿಲ್ಲ. ಸದರಿ ಲೋಪವನ್ನು ಮನ್ನಿಸಲಾಗಿದೆ.

೬. ನಂತರ ಇಬ್ಬರೂ ಒಂದೇ ದಡದಲ್ಲಿ ಕಾಲು ಚಾಚಿ, ಪ್ಯಾಂಟು ಒಣಗುವವರೆಗೂ ಮಾತನಾಡಿರುತ್ತಾರೆ. ಒಬ್ಬರು ಅತ್ತಿದ್ದಾರೆಂಬ ವದಂತಿಯಿದ್ದು, ಮುಖದಲ್ಲಿ ಕೆಸರಿದ್ದ ಕಾರಣ ಯಾರೆಂದು ಖಚಿತವಾಗಿಲ್ಲ. ಸದರಿ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸತಕ್ಕದ್ದು.

೭. ಇನ್ನು ಮುಂದೆ ಅಂಚಿನ ಸಕಲ ಗಿಡಗಳನ್ನೂ ದಡದಲ್ಲಿ ಕುಳಿತವರ ಗದ್ದಕ್ಕಿಂತ ಕೆಳಗೆ ಕತ್ತರಿಸಿಡತಕ್ಕದ್ದು. ಕಚೇರಿಯಲ್ಲಿ ತಾನೇ ಎಲ್ಲರಿಗಿಂತ ಕುಳ್ಳ ಎಂದು ಯಾರೂ ಮುಂದೆ ಬಾರದ ಕಾರಣ, ಮಾಲಿಯ ಗದ್ದವನ್ನೇ ಅಧಿಕೃತ ಅಳತೆಯಾಗಿ ಅಂಗೀಕರಿಸಲಾಗಿದೆ.

(ಸಹಿ/-)
ಆಡಳಿತಾಧಿಕಾರಿ
ಉಪನಿರ್ದೇಶಕರ ಪರವಾಗಿ
(ಅವರ ಪೆನ್ನು ಇನ್ನೂ ಕೊಳದಲ್ಲಿದೆ)

ಪ್ರತಿಗಳು:
೧. ಮಾಲಿಗೆ, ಕತ್ತರಿ ಸಹಿತ.
೨. ಕೆಸುವಿಗೆ, ಬುಡದಲ್ಲಿ ಅಂಟಿಸುವ ಸಲುವಾಗಿ.
೩. ಲೆಕ್ಕ ಅಧೀಕ್ಷಕರು ಮತ್ತು ಉಗ್ರಾಣ ಪಾಲಕರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ.