ದೇವರಿಲ್ಲದ ರಾಜ್ಯದ ರಾಣಿ

ದೇವರ ಜೊತೆ ನನಗೆ ಜಗಳವಿಲ್ಲ. ದೇವರ ವಕೀಲರನ್ನು ಕಂಡರೆ ಮಾತ್ರ ನಾನು ಹತ್ತು ಮಾರು ದೂರ. ಅದಕ್ಕೇ ನಾನು ಬರೆಯುತ್ತಿದ್ದ ಮಾಯಾಲೋಕದ ಕಾದಂಬರಿಯಲ್ಲಿ ಹಾರುವ ಮೀನು, ಮಾತಾಡುವ ಬೆಟ್ಟ ಎಲ್ಲಕ್ಕೂ ಜಾಗ ಕೊಟ್ಟು, ದೇವರನ್ನು ಹೊರಗೆ ನಿಲ್ಲಿಸಿದೆ. ಗುಡಿಯಿಲ್ಲ, ಮಸೀದಿಯಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಏನು ಬುದ್ಧಿವಂತಿಕೆ ನನ್ನದು ಎಂದು ನಾನೇ ಬೆನ್ನು ತಟ್ಟಿಕೊಂಡೆ. ಹೆಂಡತಿ ಮಾತ್ರ, ದೇವರಿಲ್ಲದ ಊರಿಗೆ ತಾನು ಬರುವುದಿಲ್ಲ ಎಂದಳು.

ಬರೆದದ್ದನ್ನು ಬೆಳಗಿನ ಲೋಕಲ್ ರೈಲಿನಲ್ಲಿ ಓದಿ ಹೇಳುವುದು ನನ್ನ ಚಟ. ಘಾಟ್ಕೋಪರದಲ್ಲಿ ನನ್ನ ಜೊತೆ ಹತ್ತುತ್ತಿದ್ದ ಕೇಳುಗರು ಇಬ್ಬರು, ಗದಗಿನ ಕಡೆಯ, ಮನೆ ಕಟ್ಟುವ ಗೌಂಡಿ ಬಸಪ್ಪ ಮತ್ತು ಬಿಜಾಪುರದ ದರ್ಜಿ ಮೆಹಬೂಬ ಸಾಬರು. ನನ್ನ ಕಾದಂಬರಿಯ ರಾಣಿಯ ಕೂಸಿಗೆ ಜ್ವರ ಏರಿದ ಅಧ್ಯಾಯ ಓದಿದ ದಿನ, ರಾಣಿ ಯಾರಿಗೆ ಹರಕೆ ಹೊರುತ್ತಾಳೆ ಎಂದು ಬಸಪ್ಪ ಕೇಳಿದ. ಯಾರಿಗೂ ಇಲ್ಲ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಪೀರನಿಗೆ ಬೇಡಿಕೊಳ್ಳಲಿ, ಲಗೂ ಕೇಳುತ್ತಾನೆ ಎಂದ. ಛೇ, ತಾಯಿಯ ಸಂಕಟ ತಾಯಿಗೇ ತಿಳಿಯುವುದು, ಎಲ್ಲಮ್ಮನೇ ಆಗಬೇಕು ಎಂದು ಸಾಬರು ಪಟ್ಟು ಹಿಡಿದರು. ದಾದರ್ ಬರುವವರೆಗೆ ಇಬ್ಬರೂ ಮುಖ ತಿರುಗಿಸಿಕೊಂಡು ನಿಂತರು. ಇನ್ನೊಬ್ಬರ ದೇವರಿಗಾಗಿ ಜನ ಜಗಳಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನೂ ಜಗ್ಗಲಿಲ್ಲ. ಯಾವ ದೇವರನ್ನೂ ಗಡಿಯೊಳಗೆ ಬಿಡಬಾರದೆಂದು, ಮರುದಿನ ಓದಲು ಕೂಸನ್ನು ಕೊಂದೇಬಿಟ್ಟ ಅಧ್ಯಾಯ ಬರೆದೆ. ಸಾವಿದ್ದರೆ ಸಾಹಿತ್ಯಕ್ಕೆ ತೂಕ ಬರುತ್ತದೆ ಎಂಬ ಭ್ರಮೆಯೂ ಇತ್ತು.

ಮರುದಿನ ಬಸಪ್ಪ ನನ್ನ ಕಿವಿಯಲ್ಲಿ ಹೇಳಿದ: ಸಾಬರ ಮೊಮ್ಮಗ ಜ್ವರದಿಂದ ಆಸ್ಪತ್ರೆಯಲ್ಲಿದ್ದಾನಂತೆ, ಮೈಮೇಲೆ ಎಚ್ಚರವಿಲ್ಲವಂತೆ. ಅಷ್ಟರಲ್ಲಿ ಸಾಬರೇ ಗರ್ದಿಯಲ್ಲಿ ನುಗ್ಗಿ ಬಂದು ಕೇಳಿದರು.

"ಸರ, ಕೂಸು ಬದುಕತೈತೇನ್ರಿ?"

ಯಾವ ಕೂಸೆಂದು ನಾನು ಕೇಳಲಿಲ್ಲ. ಬರೆದ ಹಾಳೆಯನ್ನು ಚೀಲದಲ್ಲೇ ಬಿಟ್ಟು, ಬದುಕಿತು ಎಂದೆ. ಯಾರು ಬದುಕಿಸಿದರು ಎಂದರೆ, ವೈದ್ಯ ಎಂದೆ. ಹಟ ಬಿಡಲು ನಾನೇನು ಸಾಮಾನ್ಯನೇ!

ಕೆಲವು ದಿನಗಳಾದ ಮೇಲೆ ಸಾಬರು ಕಾಗದದ ಪೊಟ್ಟಣ ಹಿಡಿದು ನಗುತ್ತಾ ಹತ್ತಿದರು. ಮೊಮ್ಮಗ ಮನೆಗೆ ಬಂದಿದ್ದ. ದರ್ಗಾಕ್ಕೆ ಹೋಗಿದ್ದರಂತೆ, ಬಸಪ್ಪನೂ ತಲೆಗೆ ಕರವಸ್ತ್ರ ಕಟ್ಟಿಕೊಂಡು ಜೊತೆಗೆ ಹೋಗಿದ್ದನಂತೆ.

"ಹರಕಿ ಇತ್ತು, ಪೀರನ ಮುಂದ ಸಕ್ಕರಿ ಓದಿಸ್ಕೊಂಡ್ ಬಂದೇನ್ರಿ ಸರ. ಮೊಮ್ಮಗನ ಹೆಸರಿಲೆ ಒಂದ್ ಮುಷ್ಟಿ, ನಿಮ್ಮ ರಾಣಿ ಕೂಸಿನ ಹೆಸರಿಲೆ ಒಂದ್ ಮುಷ್ಟಿ."

ನಾನು ಅಷ್ಟು ಗಟ್ಟಿಯಾಗಿ ಗಡಿ ಕಾಯುತ್ತಿದ್ದರೆ, ನನ್ನ ರಾಣಿ ನನ್ನನ್ನೊಂದು ಮಾತೂ ಕೇಳದೆ ಹರಕೆ ಹೊತ್ತು, ತೀರಿಸಿಯೂ ಬಂದಿದ್ದಳು. ಬೇಡವೆನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಬಸಪ್ಪ ಸಕ್ಕರೆ ಸುರಿದ. ಕಣ್ಣು ಮುಚ್ಚಿ ಚಪ್ಪರಿಸುತ್ತಾ ನಿಂತಿದ್ದ ಈ ನಾಸ್ತಿಕ, ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದ.