ಬೆನ್ನ ಮೇಲಿನ ಕರುಣೆ

ಆ ಭಾನುವಾರದ ಫಜೀತಿಗೆಲ್ಲ ಮೂಲ ಒಂದು ಇಸ್ತ್ರಿಪೆಟ್ಟಿಗೆ.

ಟೈಲರಪ್ಪ ಬೆಳಿಗ್ಗೆ ಅಂಗಡಿ ತೆಗೆದು ಇನ್ನೂ ಚಿಂದಿ ಗುಡಿಸುತ್ತಿದ್ದ. ಚರ್ಚಿನ ಸಭಾಪಾಲಕ ಅಯ್ಯನವರು ಖುದ್ದಾಗಿ ಬಂದು, ಮಡಿಸಿದ ಬಿಳಿ ನಿಲುವಂಗಿಯೊಂದನ್ನು ಇಸ್ತ್ರಿ ಮೇಜಿನ ಮೇಲಿಟ್ಟರು.

"ಒಂದು ಸಣ್ಣ ಕೆಲಸ ಇತ್ತಪ್ಪ. ಆರಾಧನೆಗೆ ಮುಂಚೆ ಬೇಕು. ಏನಂದ್ರೆ, ಇದರ ಬೆನ್ನ ಹತ್ರ..." ಎಂದು ಅತ್ತಿತ್ತ ನೋಡಿದರು. ಅಷ್ಟರಲ್ಲಿ ಪಕ್ಕದ ಬೇಕರಿ ಅಕ್ಕ ಬ್ರೆಡ್ಡಿನ ತಟ್ಟೆ ಹಿಡಿದು ಹೊರಗೆ ಬಂದಳು. ಅವಳ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದ ಹಾಗೆ. ಅಯ್ಯನವರು ಉಳಿದ ಮಾತನ್ನು ನುಂಗಿಕೊಂಡು, "ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ ಬಿಡು" ಎಂದು ಬಿರಬಿರನೆ ಹೊರಟುಹೋದರು.

ಟೈಲರಪ್ಪನಿಗೆ ಖುಷಿಯೋ ಖುಷಿ. ಹಾಡುಗಾರರಿಗೆಲ್ಲ ಹೊಸ ನಿಲುವಂಗಿ ಹೊಲಿಸಬೇಕೆಂದು ಸಭೆಯವರು ತೀರ್ಮಾನಿಸಿದ್ದರು. ಕೆಲಸ ಟೈಲರಪ್ಪನಿಗೋ, ಎದುರು ಬೀದಿಯ ಗಾಜಿನ ಬಾಗಿಲಿನ ಟೈಲರನಿಗೋ ಎಂಬುದನ್ನು ಅಯ್ಯನವರು ಇವತ್ತೇ ಸಾರುವವರಿದ್ದರು. ಈ ಕೆಲಸ ಸಿಕ್ಕಿದರೆ, ಮುದಿ ಕುದುರೆಯ ಹಾಗೆ ಕೆಮ್ಮುವ ಹೊಲಿಗೆ ಯಂತ್ರಕ್ಕೆ ವಿಶ್ರಾಂತಿ ಕೊಟ್ಟು ಹೊಸದನ್ನು ತರಬಹುದಿತ್ತು. ಸಿಗದಿದ್ದರೆ ಅಂಗಡಿಯನ್ನೇ ಮುಚ್ಚಬೇಕಿತ್ತು. ಹೆಂಡತಿಯಂತೂ ಸಿಕ್ಕೇ ಬಿಟ್ಟಿತೆಂದು ತವರಿಗೆಲ್ಲ ಹೇಳಿಬಿಟ್ಟಿದ್ದಳು.

ಅವನು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ ಸ್ವಿಚ್ಚು ಒತ್ತಿದ್ದೇ ತಡ, ಬೇಕರಿ ಅಕ್ಕ ಬಿರುಗಾಳಿಯಂತೆ ಒಳಗೆ ನುಗ್ಗಿದಳು. ಅವಳ ಸೊಂಟ ತಾಗಿ ಮೇಜು ಅಲ್ಲಾಡಿತು.

"ನಿನ್ನಲ್ಲೂ ಕರೆಂಟ್ ಹೋಯ್ತೇನೋ? ನನ್ನ ಒಲೆಯೊಳಗೆ ಕೇಕು ಅರ್ಧ ಉಬ್ಬಿ ನಿಂತಿದೆ ಕಣೋ! ಬಾ, ಆ ಫ್ಯೂಸ್ ಸ್ವಲ್ಪ ನೋಡು!"

ಇಲ್ಲ ಎನ್ನುವ ಅಭ್ಯಾಸ ಟೈಲರಪ್ಪನಿಗಿರಲಿಲ್ಲ. ಹೋದ, ಫ್ಯೂಸ್ ಕಿತ್ತ, ಹಾಕಿದ, ಮೈಯೆಲ್ಲ ಹಿಟ್ಟು ಮಾಡಿಕೊಂಡ. ಇಡೀ ಬೀದಿಗೇ ಕರೆಂಟಿಲ್ಲ ಎಂದು ತಿಳಿದ ಮೇಲೆ ಬೈಸಿಕೊಂಡು ವಾಪಸಾದ.

ಬಂದು ನೋಡಿದರೆ ಇಸ್ತ್ರಿಪೆಟ್ಟಿಗೆ ಮಕಾಡೆಯಾಗಿ ನಿಲುವಂಗಿಯ ಮೇಲೆ ಮಲಗಿತ್ತು. ಟೈಲರಪ್ಪ ಗಾಬರಿಯಿಂದ ಅದನ್ನು ಎತ್ತಿ ಎಸೆದು, ಅಂಗಿಯ ಮಡಿಕೆಯನ್ನು ಒಂದೊಂದಾಗಿ ಬಿಚ್ಚಿದ. ಬೆನ್ನಿನ ನಟ್ಟನಡುವೆ, ದೋಣಿಯಾಕಾರದ ಕಂದು ಗುರುತು!

"ಅಯ್ಯೋ ದೇವರೇ" ಎಂದು ಅವನು ತಲೆಯ ಮೇಲೆ ಕೈ ಹೊತ್ತ.

"ಏನೋ ಅದು?" ಹಿಂದೆಯೇ ಬಂದಿದ್ದ ಬೇಕರಿ ಅಕ್ಕ ಇಣುಕಿದಳು. "ಸುಟ್ಟೇಬಿಟ್ಯಾ! ಅಯ್ಯನವರ ಅಂಗೀನಾ! ಹೆದರಬೇಡ, ನಾನು ಯಾರಿಗೂ ಹೇಳಲ್ಲ." ಹಾಗೆಂದವಳು ಬಾಗಿಲಲ್ಲಿ ನಿಂತು, "ಬೂಟಿನಣ್ಣಾ, ಬೇಗ ಬಾ! ಟೈಲರಪ್ಪ ಅಯ್ಯನವರ ಅಂಗಿ ಸುಟ್ಟುಬಿಟ್ಟಿದ್ದಾನೆ!" ಎಂದು ಕೂಗಿದಳು.

ಮುಂದಿನದನ್ನು ಟೈಲರಪ್ಪ ಆಮೇಲೆ ನೆನೆಸಿಕೊಳ್ಳಲೂ ಇಷ್ಟಪಡಲಿಲ್ಲ. ಬೇಕರಿ ಅಕ್ಕ ಅಡುಗೆ ಸೋಡಾ ತಂದು ಕಲೆಯ ಮೇಲೆ ಸುರಿದು ತಿಕ್ಕಿದಳು. ದೋಣಿ ಉಬ್ಬಿ ಹಡಗಾಯಿತು. ಬೂಟು ರಿಪೇರಿಯ ಅಣ್ಣ, "ನೀನು ಆ ಕಡೆ ಸರಿಯಮ್ಮ, ಇದು ಗಂಡಸರ ಕೆಲಸ" ಎಂದು ಬಿಳಿ ಬೂಟು ಪಾಲಿಶ್ ಬಳಿದ. ಸೋಡಾಕ್ಕೂ ಪಾಲಿಶಿಗೂ ಅದೇನು ಹಳೆಯ ವೈರವಿತ್ತೋ, ಕಲೆ ಹಳದಿಯಾಗಿ, ಹಸಿರಾಗಿ, ಕೊನೆಗೆ ಹೆಸರಿಡಲಾಗದ ಒಂದು ಬಣ್ಣಕ್ಕೆ ತಿರುಗಿ ಸೊಂಟದವರೆಗೂ ಹರಿಯಿತು.

ಗಲಾಟೆ ಕೇಳಿ ಟೈಲರಪ್ಪನ ಹೆಂಡತಿ ಓಡಿಬಂದಳು. "ರೀ, ಸುಟ್ಟಿದ್ದು ಒಂದು ಅಂಗೈ ಅಗಲ. ನೀವು ಮೂವರು ಸೇರಿ ಮಾಡಿದ್ದು ನೋಡ್ರಿ! ಹೋಗಿ ಒಪ್ಕೊಂಡುಬಿಡಿ. ಇವತ್ತು ಅಯ್ಯನವರು ಪ್ರಸಂಗ ಮಾಡೋದೇ ದೇವರ ಕರುಣೆ ಮೇಲಂತೆ. ಬೇರೆ ದಿನ ಆಗಿದ್ರೆ ಕಷ್ಟ ಇತ್ತು."

ಆ ಮಾತು ಟೈಲರಪ್ಪನಿಗೆ ಹಿಡಿಸಿತು. ಶಿಲುಬೆಯ ಪಕ್ಕದಲ್ಲಿದ್ದ ಕಳ್ಳನಿಗೇ ಕರುಣೆ ಸಿಕ್ಕಿತು. ನಾನು ಕಳ್ಳನೂ ಅಲ್ಲ, ಬರೀ ಮರೆಗುಳಿ. ಹೀಗೆಂದುಕೊಂಡು ಒದ್ದೆ ಅಂಗಿಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಹೊತ್ತು ಅಯ್ಯನವರ ಮನೆಗೆ ನಡೆದ.

"ಅಯ್ಯನವರೇ, ತಪ್ಪಾಯ್ತು. ನನ್ನ ಇಸ್ತ್ರಿ ಬಿದ್ದು ಬೆನ್ನು ಸುಟ್ಟುಹೋಯ್ತು. ಕರುಣೆ ತೋರಿಸ್ಬೇಕು."

ಅಯ್ಯನವರು ಅಂಗಿ ನೋಡಿದರು. ಅವನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಕಾಫಿ ತರುತ್ತಿದ್ದ ಅಮ್ಮನವರು ಗಂಡನ ಮುಖವನ್ನೇ ದಿಟ್ಟಿಸಿ ಗಂಟಲು ಸರಿಮಾಡಿಕೊಂಡರು. ಅಯ್ಯನವರು ಆ ಕಡೆ ತಿರುಗಲಿಲ್ಲ. ಮೆಲ್ಲಗೆ ಅವರ ಮುಖ ಅರಳಿತು, ಕಳೆದುಹೋದ ಕನ್ನಡಕ ತಲೆಯ ಮೇಲೇ ಸಿಕ್ಕವರಂತೆ.

"ನಿನ್ನದೇ ಇಸ್ತ್ರಿ ಅಂತೀಯಾ?"

"ಹೌದು ಅಯ್ಯನವರೇ. ನನ್ನ ಕಣ್ಣಾರೆ ನೋಡಿದೆ."

"ಕ್ಷಮಿಸಿದ್ದೀನಿ ಹೋಗಪ್ಪ. ಪೂರ್ತಿಯಾಗಿ ಕ್ಷಮಿಸಿದ್ದೀನಿ. ಮೊದಲನೇ ಸಾಲಲ್ಲೇ ಕೂತ್ಕೋ."

ಟೈಲರಪ್ಪನ ಕಣ್ಣು ತುಂಬಿತು. ದೇವರ ಕರುಣೆ ಇಷ್ಟು ಸಲೀಸೆಂದು ಅವನಿಗೆ ಗೊತ್ತಿರಲಿಲ್ಲ.

ಆರಾಧನೆಯಲ್ಲಿ ಅಯ್ಯನವರು ಅದೇ ನಿಲುವಂಗಿ ತೊಟ್ಟು ಬಂದರು. ಪ್ರಸಂಗ ಅರ್ಧಕ್ಕೆ ಬಂದಾಗ, ಬಟ್ಟೆ ಅಂಗಡಿಯ ಗಾಜಿನೊಳಗಿನ ಬೊಂಬೆಯಂತೆ ನಿಧಾನವಾಗಿ ತಿರುಗಿ ಸಭೆಗೆ ಬೆನ್ನು ಹಾಕಿ ನಿಂತರು.

"ಪ್ರಿಯರೇ, ಈ ಕಲೆ ನೋಡಿ! ಹಿಂದಿನವರು ಎದ್ದು ನಿಂತು ನೋಡಬಹುದು. ಇದನ್ನ ಮಾಡಿದವನು ನಮ್ಮ ಮಧ್ಯದಲ್ಲೇ ಕೂತಿದ್ದಾನೆ. ಅವನ ಹೆಸರು ಹೇಳಿ ಅವಮಾನ ಮಾಡೋಕೆ ನನಗಿಷ್ಟ ಇಲ್ಲ. ಟೈಲರಪ್ಪ, ಎದ್ದು ನಿಲ್ಲಪ್ಪ."

ಟೈಲರಪ್ಪ ಎದ್ದು ನಿಂತ. ಇಡೀ ದೇವಾಲಯ ಅವನನ್ನೂ ಕಲೆಯನ್ನೂ ಸರದಿಯಂತೆ ನೋಡಿತು.

"ನಾನು ಕೋಪ ಮಾಡ್ಕೊಂಡ್ನಾ? ಹೇಳಪ್ಪ!"

"ಇಲ್ಲ ಅಯ್ಯನವರೇ."

"ಜೋರಾಗಿ!"

"ಇಲ್ಲ!"

ಹೆಂಗಸರು ಕಣ್ಣೊರೆಸಿಕೊಂಡರು. ಬೇಕರಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಯ್ಯನವರು ಈ ಅಂಗಿಯನ್ನು ಒಗೆಸುವುದಿಲ್ಲ, ಬದಲಾಯಿಸುವುದೂ ಇಲ್ಲ, ಕರುಣೆಯ ಗುರುತಾಗಿ ಪ್ರತಿ ಭಾನುವಾರ ಇದನ್ನೇ ತೊಡುತ್ತೇನೆ ಎಂದು ಸಾರಿದರು. ಹಾಡುಗಾರರ ನಿಲುವಂಗಿ ಹೊಲಿಯುವ ಕೆಲಸ ಎದುರು ಬೀದಿಯ ಟೈಲರನಿಗೆ ಎಂಬುದನ್ನೂ ಅದೇ ಉಸಿರಿನಲ್ಲಿ ಸಾರಿದರು.

ಹೊರಗೆ ಬರುತ್ತಿದ್ದಂತೆ ಜನ ಅವನ ಬೆನ್ನು ತಟ್ಟಿದರು. "ಪುಣ್ಯವಂತ ಕಣಯ್ಯ ನೀನು!" ಎಂದ ಬೂಟಿನಣ್ಣ. ಮರುಗಳಿಗೆಯೇ ದನಿ ತಗ್ಗಿಸಿ, "ಅಂದಹಾಗೆ, ಇಸ್ತ್ರಿಗೆ ಕೊಟ್ಟಿದ್ದ ನನ್ನ ಕೋಟು ಹಾಗೇ ಕೊಟ್ಬಿಡು. ಸುಕ್ಕಿದ್ರೂ ಪರವಾಗಿಲ್ಲ" ಎಂದ.

ದೇವಾಲಯದ ಹಿಂಬದಿಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ ಟೈಲರಪ್ಪನ ಬಳಿಗೆ ಅಮ್ಮನವರು ಬಂದರು.

"ಅಲ್ಲಪ್ಪ, ನಿನಗೆ ಬುದ್ಧಿ ಬೇಡ್ವಾ? ಕಲೆ ಒಳಗೆ ಬರೋ ಹಾಗೆ ನಾನೇ ಅಂಗಿ ಮಡಿಸಿ ಕಳಿಸಿದ್ದೆ. ಮೇಲೆ ಬಿದ್ದ ಇಸ್ತ್ರಿ ಒಳಗಿನ ಮಡಿಕೆ ಸುಡುತ್ತಾ? ಬೀದೀಲಿ ಕರೆಂಟೂ ಇರ್ಲಿಲ್ಲ."

"ಹಾಗಾದ್ರೆ...?"

"ಇವರೇ. ಬೆಳಿಗ್ಗೆ ಕರೆಂಟ್ ಹೋಗೋಕೆ ಮುಂಚೆ, ಕರುಣೆ ಪ್ರಸಂಗ ಬಾಯಿಪಾಠ ಮಾಡ್ತಾ ಇಸ್ತ್ರಿ ಹಾಕೋಕೆ ಹೋಗಿ ಸುಟ್ರು. ಗುಟ್ಟಾಗಿ ತೇಪೆ ಹಾಕಿಸೋಕೆ ನಿನ್ನ ಹತ್ರ ತಂದ್ರು. ದೇವರು ನಮ್ಮ ತಪ್ಪನ್ನ ಬೆನ್ನ ಹಿಂದೆ ಎಸೀತಾನೆ. ಇವರು ತಮ್ಮದನ್ನ ನಿನ್ನ ಹೆಸರಲ್ಲಿ ಬೆನ್ನ ಮೇಲೆ ಹಾಕ್ಕೊಂಡು ಮೆರೀತಿದ್ದಾರೆ."

ಟೈಲರಪ್ಪ ಅಲ್ಲಿಂದ ನೇರ ಅಯ್ಯನವರ ಕೋಣೆಗೆ ನುಗ್ಗಿದ. ಅವನ ಮುಖ ಕಂಡದ್ದೇ ಅಯ್ಯನವರು ಎದ್ದು ಬಾಗಿಲು ಹಾಕಿ ಚಿಲಕ ಸೇರಿಸಿದರು. ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನಿಜ ಬಾಯಿವರೆಗೂ ಬಂತಪ್ಪ, ಹೇಳೋಕಾಗ್ಲಿಲ್ಲ. ಕ್ಷಮಿಸಿಬಿಡು."

ಬೆಳಿಗ್ಗೆ ತಾನು ಕರುಣೆ ಬೇಡಿ ನಿಂತಿದ್ದ ಜಾಗ ಟೈಲರಪ್ಪನಿಗೆ ನೆನಪಾಯಿತು. ಇಲ್ಲ ಎನ್ನುವ ಅಭ್ಯಾಸ ಅವನಿಗೆ ಮೊದಲೇ ಇರಲಿಲ್ಲ.

"ಕ್ಷಮಿಸಿದ್ದೀನಿ ಅಯ್ಯನವರೇ. ಆದ್ರೆ ಮುಂದಿನ ವಾರ ನೀವು ಇದನ್ನ ಸಭೆ ಮುಂದೆ ಒಂದು ಮಾತು..."

"ಛೆ ಛೆ!" ಅಯ್ಯನವರು ಕೈಬಿಟ್ಟರು. "ಕ್ಷಮಿಸೋದು ಮನಸ್ಸಿನೊಳಗಿನ ವಿಷಯ ಕಣಪ್ಪ. ಅದನ್ನ ನಾಲ್ಕು ಜನರ ಮುಂದೆ ಪ್ರದರ್ಶನ ಮಾಡಬಾರದು."

ಟೈಲರಪ್ಪ ಚಿಲಕ ತೆಗೆದ. ಅಯ್ಯನವರು ಹಿಂದಿನಿಂದ ಕರೆದು, ಬೀರುವಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಅವನ ಕಂಕುಳಿಗೆ ಸೇರಿಸಿದರು.

"ನನ್ನ ಪ್ಯಾಂಟು. ಇದೂ ಅದೇ ಹೊತ್ತಿಗೆ ಸುಟ್ಟಿದ್ದು. ಸ್ವಲ್ಪ ಸರಿಮಾಡಿಕೊಡು. ಯಾರಾದ್ರೂ ಕೇಳಿದ್ರೆ... ಹೇಗೂ ನಿನ್ನನ್ನ ಕ್ಷಮಿಸಿ ಆಗಿದೆಯಲ್ಲ."

ಅಂಗಡಿಯ ಮುಂದೆ ಬೇಕರಿ ಅಕ್ಕ ಕಾದಿದ್ದಳು. ಪೊಟ್ಟಣದ ತುದಿಯಿಂದ ಇಣುಕುತ್ತಿದ್ದ ಕಂದು ದೋಣಿಯನ್ನು ನೋಡಿ ಅವಳ ಕಣ್ಣು ಅರಳಿತು.

"ಮತ್ತೆ ಸುಟ್ಯೇನೋ? ಹೆದರಬೇಡ, ನಾನು ಯಾರಿಗೂ ಹೇಳಲ್ಲ" ಎಂದವಳೇ ಬೀದಿಯ ಕಡೆಗೆ ತಿರುಗಿದಳು. "ಬೂಟಿನಣ್ಣಾ!"