ರಿಫಾದ ವಾಷಿಂಗ್ಟನ್

ತೊಂದರೆಗೆಲ್ಲ ಮೂಲ ಲಕ್ಷ್ಮೀಪತಿಯವರ ಮೂಗು. ಐವತ್ತಾರು ವರ್ಷ ಯಾರ ತಂಟೆಗೂ ಹೋಗದೆ ಮುಖದ ನಡುವೆ ತೆಪ್ಪಗಿದ್ದ ಆ ಉದ್ದ ಮೂಗು, ಒಂದು ಗುರುವಾರ ಬೆಳಗ್ಗೆ ಆರೂವರೆಗೆ ಕೊಲ್ಲಿ ನಾಡಿನ ರಿಫಾ ಊರಿನಲ್ಲಿ ಎದುರು ಫ್ಲ್ಯಾಟಿನ ಚಿತ್ರಾಳ ಕಣ್ಣಿಗೆ ಬಿತ್ತು.

"ಅಂಕಲ್, ಪ್ಲೀಸ್. ಇವತ್ತೊಂದಿನ ನೀವು ಜಾರ್ಜ್ ವಾಷಿಂಗ್ಟನ್ ಆಗ್ಬೇಕು."

ಬಾಗಿಲು ತೆರೆದು ನಿಂತಿದ್ದ ಲಕ್ಷ್ಮೀಪತಿಯವರ ಕೈಯಲ್ಲಿ ಉಪ್ಪಿಟ್ಟಿನ ಸೌಟು ಇತ್ತು. ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೋದ ಹೆಂಡತಿ ಕಾಂತಾ ಮೂರು ತಿಂಗಳು ಎಂದವಳು ಏಳು ತಿಂಗಳಾದರೂ ಬಂದಿರಲಿಲ್ಲ. ಅಂದಿನಿಂದ ಆ ಮನೆಯ ಕರೆಗಂಟೆ ಒತ್ತಿದವರೆಂದರೆ ನೀರಿನ ಕ್ಯಾನಿನವನೊಬ್ಬನೇ. ಹಾಗಾಗಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಹೊತ್ತಿಗೆ?"

ಸಂಗತಿ ಇಷ್ಟು. ಚಿತ್ರಾಳ ಮಗಳು ಪ್ರೇರಣಾ ಓದುವುದು ಅಮೆರಿಕನ್ ಸಿಲಬಸ್ಸಿನ ಶಾಲೆಯಲ್ಲಿ. ಆ ದೇಶ ಕಟ್ಟಿದ ನಾಯಕರ ಬಗ್ಗೆ ಪಾಠ ಮುಗಿದಿತ್ತು. ಒಂದೊಂದು ಮಗುವೂ ಮನೆಯ ಹಿರಿಯರೊಬ್ಬರಿಗೆ ಒಬ್ಬ ನಾಯಕನ ವೇಷ ಹಾಕಿಸಿ ಕರೆತರಬೇಕು, ಉಳಿದ ಮಕ್ಕಳು ಅವರಿಗೆ ಪ್ರಶ್ನೆ ಕೇಳಬೇಕು. ವಾಷಿಂಗ್ಟನ್ ಆಗಬೇಕಿದ್ದ ಅಪ್ಪ ವಿಕಾಸನಿಗೆ ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಮೀಟಿಂಗು.

ಲಕ್ಷ್ಮೀಪತಿಯವರು ತಾವು ಕೆಲಸ ಮಾಡುವ ಅಸ್ಕರ್ ಊರಿನ ಅಲ್ಯೂಮಿನಿಯಂ ಕಾರ್ಖಾನೆಗೆ ಫೋನು ಮಾಡಿ, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿದರು. ಆಮೇಲೆ ಕಾಂತಾಳಿಗೊಂದು ಮೆಸೇಜು: "ಇವತ್ತು ನಾನು ಅಮೆರಿಕದ ಪ್ರೆಸಿಡೆಂಟು." ಉತ್ತರ ಬರಲಿಲ್ಲ. ಅದು ಮೊಮ್ಮಗನ ಎಣ್ಣೆಸ್ನಾನದ ಹೊತ್ತು.

ರಾಜಧಾನಿ ಮನಾಮಾದಲ್ಲಿ ಹೊಲಿಸಿದ್ದ ನೀಲಿ ಕೋಟು ವಿಕಾಸನ ಅಳತೆಯದು. ವಿಕಾಸ ಗುಂಡಗೆ ಕುಳ್ಳಗೆ, ಇವರು ಸರ್ವೆಮರದಂತೆ ಉದ್ದಕ್ಕೆ. ಕೋಟಿನೊಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು, ಆದರೆ ತೋಳು ಮಾತ್ರ ಮೊಣಕೈ ದಾಟಿದೊಡನೆ ಸುಸ್ತಾಗಿ ನಿಂತುಬಿಟ್ಟಿತ್ತು. ಒಳಗೆ ಬರೀ ಬನಿಯನ್ನು, ಕೆಳಗೆ ಬಿಳಿ ಪೈಜಾಮ, ಅದನ್ನು ಒಳಗೆ ತುರುಕಲು ವಿಕಾಸನ ಫುಟ್ಬಾಲ್ ಕಾಲುಚೀಲ. ತಲೆಗೆ ಬಿಳಿ ಉಣ್ಣೆಯ ವಿಗ್ಗು. ಜಾರಬಾರದೆಂದು ಚಿತ್ರಾ ಅದನ್ನು ಅವರ ಬೋಳುತಲೆಗೆ ಅಂಟು ಬಳಿದೇ ಕೂರಿಸಿದಳು.

"ನಗಬಾರ್ದು ಅಂಕಲ್," ಪ್ರೇರಣಾ ಬೆರಳೆತ್ತಿ ಎಚ್ಚರಿಸಿದಳು. "ಪ್ರೆಸಿಡೆಂಟ್ ಆದಾಗ ವಾಷಿಂಗ್ಟನ್‌ಗೆ ಒಂದೇ ಒಂದು ಸ್ವಂತ ಹಲ್ಲು ಇದ್ದಿದ್ದು. ಎರಡು ಸಲ ಪ್ರೆಸಿಡೆಂಟ್ ಆಗಿ, ಸಾಕು ಅಂತ ಬಿಟ್ಟು ಮನೆಗೆ ಹೋದ. ನೆನಪಿಟ್ಕೊಳ್ಳಿ."

ಲಿಫ್ಟಿನಲ್ಲಿ ಮೇಲಿನ ಮಹಡಿಯ ಮಂಗಳೂರಿನ ಜಯಂತ್ ಸಿಕ್ಕಿದರು. ಅಡಿಯಿಂದ ಮುಡಿಯವರೆಗೆ ನೋಡಿ, "ಎಂಥ ಮಾರಾಯ್ರೇ, ಬೆಳಗ್ಗೆ ಬೆಳಗ್ಗೆ ಬಣ್ಣ ಹಾಕಿದ್ದೀರಿ? ಅತ್ತಿಗೆ ಊರಲ್ಲಿ ಇದ್ದಾರಲ್ಲ, ಅವರಿಗೆ ಗೊತ್ತುಂಟಾ ಇದು?" ಎಂದರು. ಎಷ್ಟೋ ವಾರಗಳ ಮೇಲೆ ಒಬ್ಬರು ತಾವಾಗಿ ಮಾತಾಡಿಸಿದ್ದರು. ಲಕ್ಷ್ಮೀಪತಿಯವರಿಗೆ ಅದೂ ಹಬ್ಬದಂತೆಯೇ ಕಂಡಿತು.

ಶಾಲೆಯ ಗೇಟಿನಲ್ಲಿ ಕಾವಲುಗಾರ ಇಜಾಝ್ ಕೈ ಅಡ್ಡ ಹಿಡಿದ. "ಚಾಚಾ, ಬ್ಯಾಂಡ್‌ವಾಲೋಂಕಾ ಗೇಟ್ ಪೀಛೆ ಹೈ." ಇವರು ಹಿಂದಿನ ಗೇಟಿಗೆ ಹೋಗಬೇಕಾದ ಬ್ಯಾಂಡಿನವರಲ್ಲ, ಅಮೆರಿಕದ ಮೊದಲ ರಾಷ್ಟ್ರಪತಿ ಎಂದು ಚಿತ್ರಾ ತಿಳಿಹೇಳಿದ ಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಕೋಟಿಗೆ ಒಂದು ಪಾಸು ಸಿಕ್ಕಿಸಿದ.

ಸಭಾಂಗಣದಲ್ಲಿ ಎಂಟು ಕುರ್ಚಿ, ಎಂಟು ನಾಯಕರು. ಹ್ಯಾಮಿಲ್ಟನ್ ಆಗಿದ್ದ ಫಿಲಿಪಿನೋ ಅಪ್ಪ ಮತ್ತು ಅವನನ್ನು ದ್ವಂದ್ವಯುದ್ಧದಲ್ಲಿ ಕೊಂದ ಬರ್ ಆಗಿದ್ದ ಈಜಿಪ್ಟಿನ ಅಪ್ಪ ಒಂದೇ ಪೊಟ್ಟಣದಿಂದ ಖರ್ಜೂರ ತಿನ್ನುತ್ತಿದ್ದರು. ಲಕ್ಷ್ಮೀಪತಿಯವರು ನಡುವಿನ ಕುರ್ಚಿಯಲ್ಲಿ ಬಾಯಿ ಬಿಗಿದು ಕುಳಿತರು. ವಿಗ್ಗಿನಡಿ ನೆತ್ತಿ ಕೆಂಡದ ಮೇಲಿಟ್ಟ ಬದನೆಕಾಯಿಯಂತೆ ಬೇಯುತ್ತಿತ್ತು.

ಮುಂದಿನ ಸಾಲಿನ ಒಬ್ಬ ಕನ್ನಡಕದ ಹುಡುಗಿ ಎದ್ದು ಇಂಗ್ಲಿಷಿನಲ್ಲಿ ಕೇಳಿದಳು. "ಎಲ್ಲರೂ ಇರಿ ಅಂತಿದ್ದರೂ ಅಷ್ಟು ದೊಡ್ಡ ಕೆಲಸ ಬಿಟ್ಟು ಯಾಕೆ ಹೋದಿರಿ?"

ಪ್ರೇರಣಾ ಹೇಳಿಕೊಟ್ಟಿದ್ದ ಉತ್ತರ ಬೆವರಿನ ಜೊತೆ ಇಳಿದು ಹೋಗಿತ್ತು. ಲಕ್ಷ್ಮೀಪತಿಯವರು ಇಂಗ್ಲಿಷಿನಲ್ಲೇ ತಮ್ಮ ಮಾತು ಜೋಡಿಸಿದರು.

"ಮನೆಗೆ ಹೋಗಬೇಕು ಅನ್ನಿಸಿತಮ್ಮ. ಊರ ಪಕ್ಕ ಒಂದು ಹೊಳೆ ಇದೆ. ಇಲ್ಲಿ ಎಲ್ಲರೂ ಸರ್ ಸರ್ ಅಂತಾರೆ, ಆದರೆ ಊಟ ಆಯ್ತಾ ಅಂತ ಯಾರೂ ಕೇಳೋದಿಲ್ಲ. ಒಬ್ಬನಿಗೇ ಅಂತ ಟೀ ಮಾಡಿದರೆ ಅಳತೆ ಸಿಗೋದಿಲ್ಲ, ದಿನಾ ಅರ್ಧ ಲೋಟ ಮಿಕ್ಕುತ್ತೆ. ಹೆಂಡತಿ ಮಗಳ ಬಾಣಂತನಕ್ಕೆ ಹೋದವಳು ಏಳು ತಿಂಗಳಾದರೂ ಬಂದಿಲ್ಲ."

"ವಾಷಿಂಗ್ಟನ್‌ಗೆ ಸ್ವಂತ ಮಕ್ಕಳೇ ಇರಲಿಲ್ಲ," ಎಂದಳು ಹುಡುಗಿ.

ಲಕ್ಷ್ಮೀಪತಿಯವರು ಅವಳತ್ತ ಬಾಗಿದರು. "ಹೌದಾ? ಪಾಪ! ಹಾಗಾದರೆ ಆತನಿಗೆ ಇನ್ನೂ ಬೇಜಾರಾಗಿರಬೇಕು."

ಊರು ಬಿಟ್ಟು ಬಂದ ಹತ್ತಾರು ದೇಶಗಳ ಅಪ್ಪ ಅಮ್ಮಂದಿರು ಅಲ್ಲಿದ್ದರು. ಕ್ಲಾಸ್ ಟೀಚರ್ ಸಫೀನಾ ಮಿಸ್ ಕಣ್ಣೊರೆಸಿಕೊಂಡರು. ಆಮೇಲೆ ಬಿದ್ದ ಚಪ್ಪಾಳೆಗೆ ಹ್ಯಾಮಿಲ್ಟನ್ನನ ಟೋಪಿಯೇ ಹಾರಿತು. "ಎಲ್ಲರೂ ವಾಷಿಂಗ್ಟನ್ ಜೊತೆ ಫೋಟೋ ತೆಗೆಸಿಕೊಳ್ಳೋಣ. ಆಮೇಲೆ ಎಲ್ಲರಿಗೂ ಊಟ," ಎಂದು ಮಿಸ್ ಸಾರಿದರು.

ಊಟ! ಅದೂ ಜನರ ಜೊತೆ. ಮುಖ ತೊಳೆದು ಬರೋಣವೆಂದು ಲಕ್ಷ್ಮೀಪತಿಯವರು ಕೋಟು ಬಿಚ್ಚಿದರು, ಅಂಟಿದ ವಿಗ್ಗನ್ನು ಚರ್ಮ ಸಮೇತವೇನೋ ಎಂಬಂತೆ ಕಿತ್ತರು, ಎರಡನ್ನೂ ಚಿತ್ರಾಳ ಕೈಗಿತ್ತು ಬಾತ್‌ರೂಮಿಗೆ ಓಡಿದರು. ಅಂಟು ಮಾತ್ರ ಬಡ್ಡಿ ಸಾಲ ಕೊಟ್ಟವನಂತೆ ನೆತ್ತಿ ಬಿಡಲಿಲ್ಲ. ಉಜ್ಜಿ ಮುಗಿಸಲು ಕಾಲು ಗಂಟೆ ಹಿಡಿಯಿತು.

ಹೊರಬಂದಾಗ ಹೆಂಗಸೊಬ್ಬಳು ಕೇಳಿದಳು. "ವಾಷಿಂಗ್ಟನ್ ತಾತನನ್ನ ನೋಡಿದಿರಾ?"

"ನಾನೇ," ಎಂದರು ಲಕ್ಷ್ಮೀಪತಿಯವರು.

ಆಕೆ ಬೋಳುತಲೆಯಿಂದ ಬನಿಯನ್ನಿಗೂ, ಬನಿಯನ್ನಿನಿಂದ ಫುಟ್ಬಾಲ್ ಕಾಲುಚೀಲಕ್ಕೂ ಕಣ್ಣಿಳಿಸಿ, ಪಕ್ಕದಲ್ಲಿದ್ದ ಮಗುವನ್ನು ಹತ್ತಿರಕ್ಕೆಳೆದುಕೊಂಡಳು. ಎರಡೇ ನಿಮಿಷದಲ್ಲಿ ಇಜಾಝ್ ಬಂದ. "ಚಾಚಾ, ಪಾಸ್?"

ಪಾಸು ಕೋಟಿನಲ್ಲಿತ್ತು. ಫೋನು ಚಿತ್ರಾಳ ಕಾರಿನಲ್ಲಿತ್ತು. "ಅಂದರ್ ವಾಷಿಂಗ್ಟನ್ ಮೈ ಹೂಂ," ಎಂದು ತಮಗೆ ಬರುತ್ತಿದ್ದ ಹಿಂದಿಯಲ್ಲಿ ಬೇಡಿಕೊಂಡರು. "ವಾಷಿಂಗ್ಟನ್ ಸಾಬ್ ತೋ ಫೋಟೋ ಖಿಂಚ್ವಾ ರಹೇ ಹೈಂ," ಎಂದು ಇಜಾಝ್ ಅವರ ಹೆಗಲು ಹಿಡಿದು, ಬಹಳ ಮರ್ಯಾದೆಯಿಂದಲೇ ಗೇಟು ದಾಟಿಸಿದ.

ವಾಷಿಂಗ್ಟನ್ ಸಾಹೇಬರು ಒಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆಂದು ಅವನು ಹೇಳಿದ್ದು ಸುಳ್ಳಲ್ಲ. ಮೀಟಿಂಗು ಬೇಗ ಮುಗಿಸಿ ಬಂದಿದ್ದ ವಿಕಾಸ ಅಲ್ಲಿ ನಿಂತಿದ್ದ. ಜನ ವಾಷಿಂಗ್ಟನ್ ಎಲ್ಲಿ ಎಲ್ಲಿ ಎಂದು ಪೀಡಿಸುತ್ತಿದ್ದರು. ಚಿತ್ರಾ ಗಂಡನಿಗೇ ಕೋಟು ತೊಡಿಸಿ, ವಿಗ್ಗು ಕೂರಿಸಿ ನಿಲ್ಲಿಸಿದ್ದಳು.

ಲಕ್ಷ್ಮೀಪತಿಯವರು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದೇ ಮನೆ ಸೇರಿದರು. ಬೆಳಗಿನ ಉಪ್ಪಿಟ್ಟು ಕಲ್ಲಾಗಿತ್ತು. ಅದನ್ನೇ ತಿಂದರು. ನಾಲ್ಕು ಗಂಟೆಗೆ ಚಿತ್ರಾ ಫೋನು ತಲುಪಿಸಿ, "ಸಾರಿ ಅಂಕಲ್, ನೀವು ಟ್ಯಾಕ್ಸೀಲಿ ಬಂದ್ಬಿಟ್ರೇನೋ ಅಂದ್ಕೊಂಡ್ವಿ. ಇವತ್ತು ನೀವಿಲ್ದೆ ಇದ್ದಿದ್ರೆ ಆಗ್ತಾನೇ ಇರ್ಲಿಲ್ಲ," ಎಂದು ನಿಜವಾಗಿಯೇ ಕೃತಜ್ಞತೆಯಿಂದ ಹೇಳಿ ಹೋದಳು.

ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಫೋಟೋ ಬಂದಿತ್ತು: "ನಮ್ಮ ಬಿಲ್ಡಿಂಗಿನ ವಾಷಿಂಗ್ಟನ್!" ಹುಬ್ಬಿನವರೆಗೆ ವಿಗ್ಗು, ಗಲ್ಲದವರೆಗೆ ಕಾಲರು, ನಡುವೆ ವಿಕಾಸನ ಎರಡು ದುಂಡು ಕೆನ್ನೆ, ಬಾಯ್ತುಂಬ ನಗು. ಸುತ್ತ ನಲವತ್ತು ಜನ. ಲಕ್ಷ್ಮೀಪತಿಯವರು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಫೋನು ಕೆಳಗಿಟ್ಟರು.

ಅದು ತಕ್ಷಣ ರಿಂಗಾಯಿತು. ಕಾಂತಾ.

"ರೀ, ಗ್ರೂಪಲ್ಲಿ ಫೋಟೋ ನೋಡ್ದೆ! ಎಷ್ಟು ಚೆನ್ನಾಗಿ ಕೆನ್ನೆ ತುಂಬ್ಕೊಂಡಿದೀರ! ಸುತ್ತ ಎಷ್ಟೊಂದು ಜನ! ನೀವು ಹಂಗೆ ನಕ್ಕಿದ್ದು ಮದುವೆ ಫೋಟೋದಲ್ಲೂ ಇಲ್ಲ."

"ಕಾಂತಾ, ಅದು..."

"ನಾನೊಂದು ಪೆದ್ದಿ. ನಾನಿಲ್ದೆ ನೀವು ಒಬ್ರೇ ಸೊರಗಿ ಹೋಗಿರ್ತೀರ ಅಂತ ದಿನಾ ಸಂಕಟ ಪಟ್ಕೊಂಡು, ನಿಮಗೆ ಹೇಳ್ದಂಗೆ ಬರೋ ಮಂಗಳವಾರಕ್ಕೆ ಟಿಕೆಟ್ ಮಾಡಿಸ್ಬಿಟ್ಟಿದ್ದೆ. ಫೋಟೋ ನೋಡಿದ ಮೇಲೆ ಮನಸ್ಸು ಹಗುರ ಆತು ನೋಡ್ರಿ. ಈಗ್ತಾನೇ ಕ್ಯಾನ್ಸಲ್ ಮಾಡಿಸ್ದೆ. ಪಾಪು ಹುಟ್ಟುಹಬ್ಬ ಮುಗಿಸ್ಕೊಂಡೇ ಬರ್ತೀನಿ."

"ಕಾಂತಾ, ಅದು ನಾನಲ್ಲ ಕಣೇ!"

ಆ ಕಡೆ ಕಾಂತಾ ಮನಸಾರೆ ನಕ್ಕಳು. "ಗೊತ್ತು ಬಿಡ್ರಿ, ಅದು ವಾಷಿಂಗ್ಟನ್ನು," ಎಂದಳು. ಅಷ್ಟರಲ್ಲಿ ಮಗು ಅತ್ತಿತು, ಫೋನು ಕಟ್ಟಾಯಿತು.